ಹಂದಿಗುಂಡಿ ಪಕ್ಕದ ಮನೆ

ಹುಟ್ಟಿದ ಮನೆ ಅಂದರೆ ನನಗೆ ಮೊದಲು ನೆನಪಾಗುವುದು ನಾತ. ಹೂವಿನ ಘಮ, ಮಣ್ಣಿನ ಘಮ ಅಂತ ಬರೆಯುವವರು ಬರೆದುಕೊಳ್ಳಲಿ. ನಮ್ಮ ಮನೆಯ ಹಿಂದೆ ಹುಳಿತ ಅನ್ನ, ಕೆಸರು, ಕಾಡುಹಂದಿಯ ಮೈ ಎಲ್ಲ ಸೇರಿದ ಒಂದೇ ನಾತ ಇತ್ತು. ಅದು ಕಂಬಳಿಗೆ ಹತ್ತಿತ್ತು, ಅವ್ವನ ಸೆರಗಿಗೆ ಹತ್ತಿತ್ತು, ನನ್ನ ಜಡೆಗೂ ಹತ್ತಿತ್ತು. ಅಲ್ಲಿಂದ ಎದ್ದು ಬಂದು ಒಂದು ಕಾಲವೇ ಆಯಿತು. ಈಗಲೂ ಮಳೆಗಾಲದಲ್ಲಿ ಒದ್ದೆ ಕಂಬಳಿ ಮೂಗಿನ ಹತ್ತಿರ ಬಂದರೆ ಎದ್ದು ಆಚೆ ಹೋಗುತ್ತೇನೆ. ಆ ಮನೆ ಇದ್ದದ್ದು ಹೆಗ್ಗದ್ದೆಯ ಕೆಳಗೆ, ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ, ಒಂದು ಎಸ್ಟೇಟಿನ ಬಂಗಲೆಯ ಹಿತ್ತಲಲ್ಲಿ. ಈಗ ಆ ಬಂಗಲೆ ದೊಡ್ಡ ಲಾಡ್ಜು. ಹೋದ ವರ್ಷ ಅದರ ಮ್ಯಾನೇಜರು, ಗಡ್ಡ ಬಿಟ್ಟ ಹುಡುಗ, ನನ್ನನ್ನು ಹುಡುಕಿಕೊಂಡು ನಾನಿರುವ ಪಾಳ್ಯಕ್ಕೇ ಕಾರು ತಂದಿದ್ದ.

"ಅಜ್ಜಿ, ನೀವು ಹುಟ್ಟಿದ್ದು ನಮ್ಮ ಲಾಡ್ಜಲ್ಲೇ ಅಂತಲ್ಲ? ಒಂದ್ಸಲ ಬಂದು ಗೆಸ್ಟುಗಳ ಹತ್ರ ಮಾತಾಡಿ. ಹಳೇ ಕಾಲದ್ದು ಅಂದ್ರೆ ಅವರಿಗೆ ಇಷ್ಟ."

"ಹಳೇ ಕಾಲದ್ದು ಏನ್ ಬೇಕಪ್ಪ?"

"ಕಾಡು, ಪ್ರಾಣಿ, ಊಟ. ನಿಮ್ಮಮ್ಮ ಮಾಡ್ತಿದ್ದ ಒಂದು ಸ್ಪೆಷಲ್ ಐಟಂ ಹೇಳಿದ್ರೂ ಸಾಕು, ಮೆನೂಗೆ ಹಾಕ್ತೀವಿ."

ಹೋದೆ. ಗೇಟಿನಲ್ಲಿ ಬಣ್ಣದ ಬೋರ್ಡು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಮುಂಗಾರಿಗೆ ಮುಂಚೆ ಮಿಂಚುಹುಳ ನೋಡುವುದು, ಮಳೆಗಾಲದಲ್ಲಿ ಝರಿ ಮತ್ತು ಏಡಿ, ಚಳಿಗಾಲದಲ್ಲಿ ಗುಡ್ಡ ಹತ್ತುವುದು, ಬೇಸಿಗೆಯಲ್ಲಿ ಕಾಫಿ ಹೂವು ಮತ್ತು ಹೊಳೆಸ್ನಾನ. ಕೆಳಗೆ ದಪ್ಪ ಅಕ್ಷರದಲ್ಲಿ, ಎಲ್ಲ ಕಾಲಕ್ಕೂ ಸಂಜೆ ಕಾಡುಪ್ರಾಣಿ ವೀಕ್ಷಣೆ. ನಾನು ಹುಟ್ಟಿದ ಕೋಣೆಯಲ್ಲಿ ಈಗ ಕೆಸರು ಬೂಟು ತೊಳೆಯುತ್ತಾರೆ. ಹಂದಿಗುಂಡಿ ಇದ್ದ ಜಾಗದಲ್ಲಿ ಮರದ ದಿಮ್ಮಿ ಸುತ್ತ ಇಟ್ಟು ನಡುವೆ ಬೆಂಕಿ ಹಾಕಿದ್ದರು. ಅಲ್ಲೇ ನನ್ನನ್ನು ಕೂರಿಸಿದರು. ನೀವು ಕೂತಿರುವುದು ಹಂದಿಯ ಎಂಜಲು ಗುಂಡಿಯ ಮೇಲೆ ಅಂತ ನಾನು ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಮ್ಯಾನೇಜರು, ಸಾಕು ಅಜ್ಜಿ, ಸುಸ್ತಾಗಿರ್ತೀರ, ಕಾಫಿ ಕುಡೀರಿ ಅಂತ ಎಬ್ಬಿಸಿದ. ಅಲ್ಲಿ ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ಇಲ್ಲಿ ನನ್ನನ್ನು ಎಬ್ಬಿಸುವವರಿಲ್ಲ.

ಬಂಗಲೆ ಎಸ್ಟೇಟಿನ ಯಜಮಾನರದು. ಅವರು ಇರುತ್ತಿದ್ದದ್ದು ಬೇರೆ ಕಡೆ. ಇದು ಅವರ ಸ್ನೇಹಿತರು, ಆಫೀಸರುಗಳು, ಪೇಟೆಯ ನೆಂಟರು ಬಂದು ಇಳಿಯುವ ಮನೆ. ಮುಂದೆ ಜಗಲಿ, ಬೆತ್ತದ ಕುರ್ಚಿ, ಗೋಡೆಯಲ್ಲಿ ಕಡವೆ ಕೊಂಬು. ಹಿಂದೆ ಹೊಗೆ ಹಿಡಿದ ಅಡಿಗೆಮನೆ, ಅದಕ್ಕೆ ಅಂಟಿಕೊಂಡಂತೆ ನಮ್ಮ ಎರಡು ಕೋಣೆ. ಅಪ್ಪ ಸಿದ್ದಣ್ಣ ಬಂಗಲೆ ನೋಡಿಕೊಳ್ಳುವವನು. ಅವ್ವ ಅಡಿಗೆಯವಳು. ನಾನು ಒಬ್ಬಳೇ ಮಗಳು, ಕೆಂಚಿ. ಊಟಕ್ಕೆ ನಮ್ಮಲ್ಲಿ ಒಂದು ಕಾನೂನಿತ್ತು. ಬಂದವರು ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದು ನಮಗೆ, ತಟ್ಟೆಯಲ್ಲಿ ಉಳಿದದ್ದು ಹಂದಿಗೆ. ಎಷ್ಟೋ ದಿನ ಹಂದಿಗೇ ಹೆಚ್ಚು ಸಿಗುತ್ತಿತ್ತು. ಅಂಥ ದಿನ ಅವ್ವ ರಾಗಿ ಗಂಜಿ ಕಾಯಿಸಿ, ಬಂಗಲೆಯ ಸೌಟು ಮುಟ್ಟದೆ ತನ್ನ ಚಿಪ್ಪಿನ ಸೌಟಿನಲ್ಲಿ ಬಡಿಸುತ್ತಿದ್ದಳು. ಆ ಚಿಪ್ಪಿನ ಸೌಟು, ಒಂದು ಮಣ್ಣಿನ ಗಡಿಗೆ, ಒಂದು ಒನಕೆ ಬಿಟ್ಟರೆ ಆ ಮನೆಯಲ್ಲಿ ನಮ್ಮದು ಅಂತ ಏನೂ ಇರಲಿಲ್ಲ.

ಬೇರೆ ಮನೆಗಳಲ್ಲಿ ಕಾಲ ಅಂದರೆ ಬಿತ್ತನೆ, ನಾಟಿ, ಕುಯ್ಲು. ನಮ್ಮಲ್ಲಿ ಕಾಲ ಅಂದರೆ ಬಂದವರಿಗೆ ಈಗ ಏನು ತೋರಿಸಬೇಕು ಅನ್ನುವುದು. ಮೊದಲ ಮಳೆ ಬೀಳುವ ಮುಂಚೆ ಕಣಿವೆ ತುಂಬ ಮಿಂಚುಹುಳ ಬರುತ್ತಿದ್ದವು. ಅದನ್ನು ನೋಡಲು ಜಗಲಿಯಲ್ಲಿ ಜನ ಕೂತರೆ ಹಿತ್ತಲಲ್ಲಿ ನಮ್ಮ ಬುಡ್ಡಿ ಆರಬೇಕು.

"ದೀಪ ಆರ್ಸು ಕಣೆ, ಬೆಳಕಿದ್ರೆ ಅವರಿಗೆ ಹುಳ ಕಾಣಾಕಿಲ್ವಂತೆ" ಅಂತ ಅಪ್ಪ ಬಂದು ಪಿಸುಗುಟ್ಟುತ್ತಿದ್ದ.

"ಗಂಜಿ ಒಳಗೆ ಏನ್ ಬಿದ್ದೈತೆ ಅಂತ ನನಗೂ ಕಾಣಾಕಿಲ್ಲ. ಅದನ್ನೂ ಬಂದು ನೋಡ್ಕೊಂಡ್ ಹೋಗಾಕೆ ಹೇಳು" ಅನ್ನುತ್ತಿದ್ದಳು ಅವ್ವ.

ಕತ್ತಲಲ್ಲಿ ಉಣ್ಣುವಾಗ ಹಲ್ಲಿಗೆ ಏನಾದರೂ ಸಿಕ್ಕಿದರೆ ಉಗಿಯುವುದೋ ನುಂಗುವುದೋ ಗೊತ್ತಾಗುತ್ತಿರಲಿಲ್ಲ. ಮಳೆ ಹಿಡಿದ ಮೇಲೆ ಇಂಬಳ. ಪೇಟೆಯವರು ಝರಿ ನೋಡಲು ಹೋಗಿ ಕಾಲ ತುಂಬ ಇಂಬಳ ಹತ್ತಿಸಿಕೊಂಡು ಕಿರುಚುತ್ತ ಬರುತ್ತಿದ್ದರು. ಅಪ್ಪ ಅವರ ಕಾಲಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಹೊಗೆಸೊಪ್ಪು ಸುಣ್ಣ ಹಚ್ಚಿ ಒಂದೊಂದನ್ನೇ ಉದುರಿಸುತ್ತಿದ್ದ. ರಕ್ತ ಕುಡಿದು ನೇರಳೆಹಣ್ಣಿನಂತೆ ಊದಿದ ಇಂಬಳವನ್ನು ಉಗುರಲ್ಲಿ ಒತ್ತುವುದು ಅವನಿಗೆ ಒಂದು ತಮಾಷೆ. ಅದೇ ಉಗುರಲ್ಲಿ ಬಂದು ಊಟಕ್ಕೆ ಕೂರುತ್ತಿದ್ದ. ಬೇಸಿಗೆಯಲ್ಲಿ ಹೊಳೆಸ್ನಾನ. ನಾವು ನೀರು ತುಂಬುವ ಕಡವಿಗಿಂತ ಮೇಲೆ ಅವರು ಇಳಿಯುತ್ತಿದ್ದರು. ಸೋಪಿನ ನೊರೆ, ಎಣ್ಣೆ, ಉದ್ದ ಕೂದಲು ನಮ್ಮ ಬಿಂದಿಗೆಗೆ ಬರುತ್ತಿತ್ತು. ನೀರುನಾಯಿ ಕಂಡಿತು ಅಂತ ಅವರು ಕುಣಿದಾಡಿದ ದಿನ ನಾನು ಆ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದಿದ್ದೇನೆ.

ಇಷ್ಟಾದರೂ ಯಜಮಾನರಿಗೆ ಸಮಾಧಾನ ಇರಲಿಲ್ಲ. ಹುಳ, ಹೂವು ನೋಡಿ ಬಂದವರಿಗೆ ಬೇಜಾರು. ಅವರಿಗೆ ದೊಡ್ಡ ಪ್ರಾಣಿ ಬೇಕು. ಕಾಡಿನ ಪ್ರಾಣಿ ನಾವು ಹೇಳಿದ ಹೊತ್ತಿಗೆ ಬಂದು ನಿಲ್ಲುತ್ತದೆಯೆ? ಒಂದು ದಿನ ಯಜಮಾನರು ಜೀಪಿನಿಂದ ಇಳಿಯದೆಯೇ ಅಪ್ಪನನ್ನು ಕರೆದು ಬೈದರು.

"ಏನೋ ಸಿದ್ದ, ಪ್ರಾಣಿ ತೋರಿಸ್ತೀನಿ ಅಂತ ಕರ್ಕೊಂಡ್ ಬಂದ್ರೆ ಒಂದು ಅಳಿಲೂ ಕಾಣಲಿಲ್ಲವಂತಲ್ಲೋ. ನೀನಿರೋದು ಯಾತಕ್ಕೆ?"

ಅಪ್ಪನಿಗೆ ಬೈಗುಳ ನಾಟಿತು. ಅಡಿಗೆಮನೆಯ ಮುಸುರೆ ಚೆಲ್ಲುವ ಕಡೆ ಹಂದಿಯ ಗೊರಸಿನ ಗುರುತು ಇರುವುದನ್ನು ಅವನು ಕಂಡಿದ್ದ. ಹಲಸಿನ ಮರದಡಿ ಒಂದು ಗುಂಡಿ ತೋಡಿದ. ಅದು ಜಗಲಿಗೆ ಓರೆಯಾಗಿ ಕಾಣುವಂತೆ ಬೇಲಿ ಕಡಿದ. ನಮ್ಮ ಬಾಗಿಲಿಗೂ ಅದಕ್ಕೂ ಒಂದು ಹಸು ಕಟ್ಟುವಷ್ಟು ದೂರ ಇರಲಿಲ್ಲ. ದಿನಾ ಸಂಜೆ ಮುಸುರೆ, ಎಂಜಲು ಎಲ್ಲ ಅದಕ್ಕೆ ಸುರಿದು, ಸೀಮೆಎಣ್ಣೆಯ ಖಾಲಿ ಡಬ್ಬ ಒಂದನ್ನು ಕೋಲಿನಿಂದ ಬಡಿಯುತ್ತಿದ್ದ. ಹಂದಿಗೆ ಬುದ್ಧಿ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಡಬ್ಬದ ಸದ್ದು ಕೇಳಿದರೆ ಗುಡ್ಡದಿಂದ ಸಾಲು ಹಿಡಿದು ಇಳಿಯುತ್ತಿದ್ದವು. ಮುಂದೆ ಕಿವಿ ಹರಿದ ಒಂದು ಹೆಣ್ಣು, ಹಿಂದೆ ಪಟ್ಟೆಪಟ್ಟೆ ಮರಿ, ಕೊನೆಗೆ ಕೋರೆಯ ಗಂಡು. ಜಗಲಿಯಲ್ಲಿ ಕೂತವರು ದುರ್ಬೀನು ಹಿಡಿದು ಆಹಾ ಓಹೋ ಅನ್ನುತ್ತಿದ್ದರು. ದುರ್ಬೀನು ನಮಗೆ ಬೇಕಿರಲಿಲ್ಲ. ಅವು ನಮ್ಮ ಗೋಡೆಗೇ ಮೈ ಉಜ್ಜುತ್ತಿದ್ದವು. ಗೋಡೆಯ ಮಣ್ಣು ಉದುರಿ ಅಲ್ಲಿ ಕರಿಯ ಜಿಡ್ಡು ಹಿಡಿದಿತ್ತು, ಜಿಡ್ಡಿನಲ್ಲಿ ಕೂದಲು. ಹಂದಿಯ ಮೈಮೇಲಿನ ಉಣುಗು ಒಳಗೆ ಹರಿದು ಬರುತ್ತಿದ್ದವು. ಅವ್ವ ನನ್ನ ಕಿವಿಯ ಹಿಂದೆ, ಕಂಕುಳಲ್ಲಿ ಹುಡುಕಿ ಹುಡುಕಿ ಕಿತ್ತು ಒಲೆಗೆ ಹಾಕುತ್ತಿದ್ದಳು. ಚಟ್ ಅನ್ನುತ್ತಿತ್ತು.

ಒಂದು ಸಲ ಯಜಮಾನರ ಸ್ನೇಹಿತರು ಗುಡ್ಡದ ಆಚೆ ಹಂದಿ ಹೊಡೆದು ತಂದರು. ಆಗೆಲ್ಲ ಬೇಟೆಯಾಡಿದರೆ ಕೇಳುವವರಿರಲಿಲ್ಲ. ಗುಂಡಿಗೆ ಬರುವ ಹಂದಿಯನ್ನು ಮಾತ್ರ ಯಾರೂ ಹೊಡೆಯುವ ಹಾಗಿಲ್ಲ, ಅವು ತೋರಿಸುವುದಕ್ಕೆ. ಅವ್ವ ಕಡುಬು, ಹಂದಿ ಸಾರು ಮಾಡಿದಳು. ಉಂಡರು. ತಟ್ಟೆಯಲ್ಲಿ ಉಳಿದ ಮೂಳೆ, ಚರ್ಮ, ಕೊಬ್ಬು ಅಪ್ಪನ ಕಾನೂನಿನ ಹಾಗೆ ಗುಂಡಿಗೆ ಹೋಯಿತು. ಆ ಕಿವಿ ಹರಿದ ಹೆಣ್ಣು ಹಂದಿ ಮೂಳೆಯನ್ನು ದವಡೆಗೆ ಹಾಕಿ ಕಟಕಟ ಅಗಿಯಿತು. ಮರಿಗಳು ಅದರ ಬಾಯಿಗೆ ಬಾಯಿ ಹಾಕಿದವು. ಜಗಲಿಯಲ್ಲಿ ಒಬ್ಬರು, ನೋಡ್ರೀ, ತಮ್ಮೋರನ್ನೇ ತಿಂತಾ ಇದಾವೆ ಅಂದರು. ಎಲ್ಲರೂ ನಕ್ಕರು. ಅವ್ವ ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋಗಿ ನಮಗೆಂದು ಪಾತ್ರೆಯಲ್ಲಿ ಉಳಿದಿದ್ದ ಸಾರನ್ನೂ ತಂದು ಸುರಿದುಬಿಟ್ಟಳು. ಅಪ್ಪ ಬಾಯಿ ಬಿಡುವುದರೊಳಗೆ ಅಂದಳು:

"ನನ್ನ ಗದ್ದೆ ಬೆಳೆ ಬರ್ಲಿ. ಅಮ್ಯಾಕೆ ಒಂದ್ ದಿನಾನೂ ಈ ಹಿತ್ಲಲ್ಲಿ ಇರಾಕಿಲ್ಲ ನಾನು. ಮಗೀನೂ ಕರ್ಕೊಂಡ್ ಹೊಂಟೋಯ್ತೀನಿ."

ಗದ್ದೆಯ ವಿಚಾರ ಹೇಳಬೇಕು. ಬಂಗಲೆಯ ಕೆಳಗೆ ಹಳ್ಳದ ಪಕ್ಕ ಒಂದು ಜೌಗು ತಾವಿತ್ತು. ಕಾಫಿಗೆ ಆಗದು, ಯಾರಿಗೂ ಬೇಡ. ಅವ್ವ ಯಜಮಾನರನ್ನು ಕೇಳಿ ಅದನ್ನು ಗದ್ದೆ ಮಾಡಿಕೊಳ್ಳುವ ಅಪ್ಪಣೆ ಪಡೆದಳು. ಬಿತ್ತನೆ ಭತ್ತ ಪಾಳ್ಯದ ನನ್ನ ಸೋದರಮಾವ ಕೊಟ್ಟ. ಎಸ್ಟೇಟಿನ ಕೂಲಿ ಲೈನಿನ ಹೆಂಗಸರು ಮುಯ್ಯಾಳಾಗಿ ಬಂದು ನಾಟಿ ಹಾಕಿಕೊಟ್ಟರು; ಅವ್ವ ಅವರ ಕೆಲಸಕ್ಕೆ ಹೋಗಿ ಅದನ್ನು ತೀರಿಸಿದಳು. ಬಂಗಲೆಯ ಅಡಿಗೆ ಮುಗಿಸಿ, ಪಾತ್ರೆ ತೊಳೆದು, ಆಮೇಲೆ ಗದ್ದೆಗೆ ಇಳಿದು ಕಳೆ ಕೀಳುತ್ತಿದ್ದಳು. ವರ್ಷಕ್ಕಾಗುವಷ್ಟು ಅಕ್ಕಿ ಕೈಗೆ ಬಂದರೆ ಅದನ್ನು ಹೊತ್ತುಕೊಂಡು ಅಣ್ಣನ ಊರಿಗೆ ಹೋಗುವುದು, ಅವನ ಕೊಟ್ಟಿಗೆಯ ಪಕ್ಕ ಒಂದು ಒಲೆ ಹೂಡುವುದು. ಬರಿಗೈಯಲ್ಲಿ ಹೋಗಿ ಅತ್ತಿಗೆಯ ಮುಂದೆ ತಟ್ಟೆ ಹಿಡಿಯುವುದಿಲ್ಲ ಅನ್ನುವುದು ಅವಳ ಹಟ. ಗುಂಡಿಯ ಮುಸುರೆ ಹೊಟ್ಟೆ ತುಂಬ ಸಿಗುತ್ತಿದ್ದ ಕಾರಣ ಹಂದಿಗಳೂ ಗದ್ದೆಯ ಕಡೆ ಅಷ್ಟಾಗಿ ತಿರುಗಿರಲಿಲ್ಲ. ಹೊಡೆ ಬಿದ್ದು ತೆನೆ ಬಾಗಿತು.

ಆ ಹೊತ್ತಿಗೆ ಹಳ್ಳದ ಆಚೆಯ ಈರೇಗೌಡ ಬಂದ. ಅವನದೂ ಸ್ವಲ್ಪ ಗದ್ದೆ. ಅಪ್ಪನಿಗೂ ಅವನಿಗೂ ಎಲೆಅಡಿಕೆ ಸಲುಗೆ.

"ಏನ್ ಮಾರಾಯ ಸಿದ್ದಣ್ಣ, ಹಂದಿಗಳಿಗೆ ಈಚೆಗೆ ಭಯಾನೇ ಇಲ್ಲ ಕಣೋ. ಡಬ್ಬ ಬಡುದ್ರೆ ಓಡಾದು ಬುಟ್ಟು ತಲೆ ಎತ್ತಿ ನನ್ನೇ ನೋಡ್ತವೆ."

"ನೀನು ಅಟ್ಟಣೆ ಮ್ಯಾಲೆ ನಿದ್ದೆ ಮಾಡ್ತಾ ಬಡ್ದಿರ್ತೀಯ" ಅಂದ ಅಪ್ಪ.

"ನಿದ್ದೆ ಮಾಡ್ತಾ ಯಾವನಾದ್ರೂ ಡಬ್ಬ ಬಡೀತಾನೇನೋ?"

"ನಿನ್ನ ಹೆಂಡ್ರು ಹೇಳ್ತಿದ್ಲು, ನಿದ್ದೇಲಿ ಎಲ್ಲಾ ಮಾಡ್ತೀಯಂತೆ."

ನಕ್ಕು ಎದ್ದರು. ಅವ್ವ ಮಾತ್ರ ಒಳಗಿನಿಂದ, ಅವನ ಡಬ್ಬ ತುಕ್ಕು ಹಿಡಿದಿರಬೇಕು, ಸದ್ದು ಸಾಲದು ಅಂದಳು. ನಮ್ಮ ಗುಡ್ಡಗಳಲ್ಲಿ ಹಂದಿ ಬಂದರೆ ಡಬ್ಬ ಬಡಿಯುವುದು ಅಂದರೆ ಮಳೆ ಬಂದರೆ ಕಂಬಳಿ ಹೊದೆಯುವ ಹಾಗೆ. ಅದರಲ್ಲಿ ಯೋಚನೆ ಮಾಡುವಂಥದ್ದು ಯಾರಿಗೂ ಕಾಣಲಿಲ್ಲ. ಅಪ್ಪ ದಿನಾ ಸಂಜೆ ಬಡಿಯುವುದನ್ನು ಕೇಳಿ ಕೇಳಿ ನಮ್ಮ ಕಿವಿಗೆ ಅದು ಹಳ್ಳದ ಸದ್ದಿನಷ್ಟೇ ಆಗಿತ್ತು. ಕುಯ್ಲಿಗೆ ಇನ್ನೇನು ದಿನ ಇರಲಿಲ್ಲ. ಆ ವಾರ ಬಂಗಲೆ ಭರ್ತಿ. ಯಜಮಾನರಿಗೆ ಬೇಕಾದ ದೊಡ್ಡ ಆಫೀಸರು ಹೆಂಡತಿ ಸಮೇತ ಬಂದಿದ್ದರು. ಹಂದಿ ತಪ್ಪದೆ ಬರಬೇಕು ಅಂತ ಅಪ್ಪ ಪಾತ್ರೆಯಿಂದಲೇ ಅನ್ನ ತೆಗೆದು ಗುಂಡಿಗೆ ಹಾಕಲು ಶುರು ಮಾಡಿದ್ದ. ನಾನು ಗಂಜಿ ಕುಡಿಯುತ್ತ ಬಿಸಿ ಅನ್ನ ಗುಂಡಿಗೆ ಹೋಗುವುದನ್ನು ನೋಡಿದೆ. ಅದರ ಹಬೆ ಈಗಲೂ ಕಣ್ಣಮುಂದೆ ಇದೆ.

ಅವತ್ತು ಸಂಜೆ ಅವ್ವ ಬೇಗ ಅಡಿಗೆ ಮುಗಿಸಿದಳು. ಗದ್ದೆಯ ಅಂಚಿನಲ್ಲಿ ಹಂದಿ ಮೂತಿ ಹಾಕಿದ ಗುರುತು ಕಂಡಿದ್ದಳಂತೆ. ಬೆಳಕಿರುವಾಗಲೇ ಹೋಗಿ ಗದರಿಸಿ ಬರೋಣ ಬಾ ಮಗ ಅಂತ ನನ್ನನ್ನು ಕರೆದಳು. ಈರೇಗೌಡನ ತುಕ್ಕು ಡಬ್ಬದ ನೆನಪಾಗಿ, ಜೋರು ಸದ್ದಿನದು ಬೇಕು ಅಂತ ಹಲಸಿನ ಮರಕ್ಕೆ ತೂಗುಹಾಕಿದ್ದ ಅಪ್ಪನ ಡಬ್ಬವನ್ನೇ ಬಿಚ್ಚಿಕೊಂಡಳು. ಬದುವಿನ ಮೇಲೆ ನಿಂತೆವು. ಗುಡ್ಡದ ಕಡೆ ಲಂಟಾನದ ಪೊದೆ ಸ್ವಲ್ಪ ಅಲುಗಿತು. ಅವ್ವ ಡಬ್ಬ ಎತ್ತಿ ಬಡಿದಳು. ಪೊದೆ ಇನ್ನೂ ಅಲುಗಿತು. ಇನ್ನೂ ಜೋರಾಗಿ ಬಡಿದಳು. ಕಿವಿ ಹರಿದ ಹೆಣ್ಣು ಈಚೆ ಬಂತು. ಹೆದರಿಸಲು ಅವ್ವ ಬಡಿದಷ್ಟೂ ಅವು ಓಡಿ ಬಂದವು, ಸಂಜೆ ಮನೆಗೆ ಬರುವ ಕರುಗಳ ಹಾಗೆ, ನೇರ ಡಬ್ಬದ ಕಡೆಗೆ, ತೆನೆಯನ್ನು ಸೀಳಿಕೊಂಡು. ಅವ್ವನ ಕೈ ನಿಲ್ಲಲಿಲ್ಲ. ಆ ಕೈಗೆ ಗೊತ್ತಿದ್ದದ್ದು ಅದೊಂದೇ. ಬದುವಿನ ಬುಡಕ್ಕೆ ಬಂದು ಮೂತಿ ಎತ್ತಿ ಕಾದವು. ಸುರಿಯಲು ನಮ್ಮ ಹತ್ತಿರ ಏನೂ ಇರಲಿಲ್ಲ. ಆಮೇಲೆ ತಮ್ಮ ಕಾಲಡಿಯಲ್ಲಿ ಏನಿದೆ ಅಂತ ನೋಡಿಕೊಂಡವು.

ಇತ್ತ ಜಗಲಿಯಲ್ಲಿ ಎಲ್ಲರೂ ಕೂತು ಕಾಯುತ್ತಿದ್ದರಂತೆ. ಅಪ್ಪ ಡಬ್ಬ ಹುಡುಕುತ್ತ ಹಿತ್ತಲು ಸುತ್ತುತ್ತಿದ್ದನಂತೆ. ಕೆಳಗಿನಿಂದ ಸದ್ದು ಕೇಳಿ ಆಫೀಸರು, ಅವರ ಹೆಂಡತಿ, ಉಳಿದವರು ಎಲ್ಲ ಇಳಿದು ಬಂದರು. ಅಪ್ಪ ಅವರ ಹಿಂದೆ. ಇಷ್ಟು ಹತ್ತಿರದಿಂದ ಅವರು ಹಂದಿ ಕಂಡಿರಲಿಲ್ಲ. ಕೋರೆಯ ಗಂಡು ನಡುಗದ್ದೆಯಲ್ಲಿ ಬಿದ್ದು ಹೊರಳುತ್ತಿತ್ತು. ಮರಿಗಳು ತೆನೆ ಜಗಿದು ಉಗಿಯುತ್ತಿದ್ದವು. ಬದುವಿನ ಮೇಲೆ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಆಫೀಸರ ಹೆಂಡತಿ ಅವ್ವನ ಹತ್ತಿರ ಬಂದು ಅವಳ ತೋಳು ಹಿಡಿದುಕೊಂಡರು. ಒಳ್ಳೆಯ ಹೆಂಗಸೇ ಇರಬೇಕು.

"ನೀವೇ ಕರೆದ್ರಾ ಇವನ್ನ? ಎಷ್ಟು ಚೆನ್ನಾಗಿ ಮಾತು ಕೇಳ್ತಾವೆ. ಇನ್ನೊಂದ್ಸಲ ಬಡೀರಿ, ನನ್ನ ಕಡೆ ತಿರುಗ್ಲಿ."

ಅವ್ವ ಅಪ್ಪನನ್ನು ನೋಡಿದಳು. ಅಪ್ಪ ಕಣ್ಣಿನಲ್ಲಿ ಸನ್ನೆ ಮಾಡಿದ, ಬಡಿ ಅಂತ. ಅದು ಅವನ ಹೆಂಡತಿಯ ಗದ್ದೆ, ಅವನಿಗೆ ಗೊತ್ತಿತ್ತು. ಅವ್ವ ಡಬ್ಬ ಕೋಲು ಎರಡನ್ನೂ ಅವನ ಕೈಗೆ ಕೊಟ್ಟು ಬದುವಿನಿಂದ ಇಳಿದಳು. ನಾವು ಹಿತ್ತಲ ದಾರಿ ಹತ್ತುವ ಹೊತ್ತಿಗೆ ಹಿಂದೆ ಸದ್ದು ಕೇಳಿತು. ಅಪ್ಪ ಬಡಿಯುತ್ತಿದ್ದ. ಹಂದಿಯ ಮೇಲೂ ಅಷ್ಟು ಹೇಸಿಗೆ ನನಗೆ ಯಾವತ್ತೂ ಆಗಿರಲಿಲ್ಲ.

ಬೆಳಗ್ಗೆ ಅವ್ವ ಬಂಗಲೆಯ ಒಲೆ ಹಚ್ಚಲಿಲ್ಲ. ಮಂಕರಿ ತೆಗೆದುಕೊಂಡು ಗದ್ದೆಗೆ ಇಳಿದಳು, ನಾನೂ ಇಳಿದೆ. ಕೆಸರಿನಲ್ಲಿ, ಲದ್ದಿಯಲ್ಲಿ ಸೇರಿಹೋದ ತೆನೆಯನ್ನು ಕೈಯಲ್ಲಿ ತಡವಿ ತಡವಿ ಹೆಕ್ಕಿದೆವು. ಹಂದಿ ಹೊರಳಿದ ಕಡೆಯ ನೀರು ಹಳದಿಯಾಗಿತ್ತು. ಅದರಲ್ಲೂ ಕೈ ಹಾಕಿದೆವು. ಅವರು ಸ್ನಾನಕ್ಕೆ ಇಳಿಯುವ ಜಾಗಕ್ಕಿಂತ ಮೇಲೆ ಹೋಗಿ ಹೊಳೆಯಲ್ಲಿ ತೊಳೆದೆವು. ಅವತ್ತು ನಮ್ಮ ಕೊಳೆ ಅವರ ಕಡೆ ಹರಿಯಿತು. ಆ ಒದ್ದೆ ಭತ್ತವನ್ನು ಅವ್ವ ಹಿತ್ತಲಲ್ಲಿ ಒಣಹಾಕಲಿಲ್ಲ. ಜಗಲಿಯ ಮುಂದೆ, ಬೆತ್ತದ ಕುರ್ಚಿಗಳ ಎದುರಿಗೆ, ಚಾಪೆ ಹಾಸಿ ಹರಡಿದಳು. ಬಿಸಿಲೇರಿದಂತೆ ನಾತ ಎದ್ದಿತು. ಕಾಫಿ ಕುಡಿಯುತ್ತಿದ್ದವರು ಕರವಸ್ತ್ರ ಮೂಗಿಗೆ ಹಿಡಿದರು. ಅಪ್ಪ ಓಡಿ ಬಂದ.

"ತೆಗೀ ಅದನ್ನ. ಗೆಸ್ಟುಗಳು ಕೂತವ್ರೆ."

"ಕೂತಿರ್ಲಿ. ಕಾಡುಪ್ರಾಣಿ ತಿಂದು ತುಳುದು ಬುಟ್ಟಿರಾದು ಕಣಯ್ಯ ಇದು. ಇದನ್ನೂ ನೋಡ್ಕೊಂಡ್ ಹೋಗ್ಲಿ."

ಒಣಗುವ ತನಕ ಅದು ಅಲ್ಲೇ ಇತ್ತು. ಆಫೀಸರು ಬೇಗ ಹೊರಟುಹೋದರು. ಅಡಿಗೆಗೆ ಯಜಮಾನರು ಬೇರೆಯವರನ್ನು ಕಳಿಸಿದರು. ಅವ್ವ ತನ್ನ ಒನಕೆಯಲ್ಲೇ ಭತ್ತ ಕುಟ್ಟಿದಳು. ವರ್ಷಕ್ಕೆ ಅಂದುಕೊಂಡದ್ದು ಒಂದು ಸಣ್ಣ ಚೀಲದಷ್ಟು ಬಂತು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ತನ್ನ ಗಡಿಗೆಯಲ್ಲಿ ಅದರ ಅನ್ನ ಮಾಡಿದಳು. ಎಷ್ಟು ತೊಳೆದಿದ್ದರೂ ಬೇಯುವಾಗ ಆ ನಾತ ಬಂದೇ ಬಂತು. ಅಪ್ಪ ಬಂದು ಕೂತ. ಅವನಿಗೂ ಬಡಿಸಿದಳು. ಅವನು ಬಾಯಿಯ ಹತ್ತಿರ ತಂದು ತುತ್ತನ್ನು ಎಲೆಗೆ ಹಾಕಿದ.

"ಥೂ. ಹಂದೀನೂ ಮೂಸಾಕಿಲ್ಲ ಇದನ್ನ."

"ಹೂಂ" ಅಂದಳು ಅವ್ವ. "ಅದಕ್ಕೇ ನಮಗೆ ಉಳುದೈತೆ."

ನಾನು ಎರಡು ತುತ್ತು ತಿಂದೆ. ಮೂರನೆಯದು ಮೇಲೆ ಬಂತು. ಬದಿಗೆ ಹೋಗಿ ಕಕ್ಕಿ ಬಂದೆ. ಅವ್ವ ನನ್ನ ಮುಖ ತೊಳೆಸಿ, ಚಿಪ್ಪಿನ ಸೌಟಿನಲ್ಲಿ ಮತ್ತೆ ಬಡಿಸಿದಳು.

"ತಿನ್ನು ಕೆಂಚಿ. ಯಾರ ತಟ್ಟೇಲಿ ಉಳುದಿದ್ದೂ ಅಲ್ಲ ಇದು."

ತಿಂದೆ. ರುಚಿಯಿರಲಿಲ್ಲ. ಹೊಟ್ಟೆಯಲ್ಲಿ ನಿಂತಿತು. ಅವತ್ತಿಂದ ಇವತ್ತಿನವರೆಗೆ ಯಾರ ಮನೆಯ ಊಟಕ್ಕೂ ನಾನು ಬಾಯಲ್ಲಿ ನೀರೂರಿಸಿಕೊಂಡು ಕೂತವಳಲ್ಲ. ಮಾರನೆಯ ದಿನ ಅವ್ವ ಉಳಿದ ಅಕ್ಕಿ, ಗಡಿಗೆ, ಒನಕೆ, ಸೌಟು ತೆಗೆದುಕೊಂಡು ನನ್ನ ಕೈ ಹಿಡಿದು ಹೊರಟಳು. ಅಂದುಕೊಂಡಷ್ಟು ಅಕ್ಕಿ ಇಲ್ಲದೆಯೂ ಹೊರಟಳು. ಪಾಳ್ಯದಲ್ಲಿ ಅತ್ತಿಗೆ ಒಂದೆರಡು ಮಾತು ಆಡಿದ್ದು ನಿಜ. ಅವ್ವ ಕೊಟ್ಟಿಗೆಯ ಪಕ್ಕದಲ್ಲೇ ಒಲೆ ಹೂಡಿ ಆ ನಾತದ ಅಕ್ಕಿ ಖಾಲಿಯಾಗುವವರೆಗೆ ಅತ್ತಿಗೆಯ ಮನೆಯ ಅನ್ನ ಮುಟ್ಟಲಿಲ್ಲ. ಅಷ್ಟರಲ್ಲಿ ಅವಳಿಗೆ ರಾಗಿ ಹೊಲದಲ್ಲಿ ಕೂಲಿ ಸಿಕ್ಕಿತ್ತು. ಅಪ್ಪ ಬಂಗಲೆಯಲ್ಲೇ ಉಳಿದ. ಹಂದಿಗೆ ಊಟ ಹಾಕುವವರು ಬೇಕಿತ್ತಲ್ಲ. ಯಾವಾಗಲಾದರೂ ಬಂದರೆ ಅವ್ವ ಹಂಡೆ ಕಾಯಿಸಿ, ಹಿತ್ತಲಲ್ಲೇ ಅವನ ತಲೆಯ ಮೇಲೆ ನೀರು ಹುಯ್ದು, ಸೀಗೆಪುಡಿ ಹಾಕಿ ಉಜ್ಜಿಸಿ, ಆಮೇಲೆ ಒಳಗೆ ಸೇರಿಸುತ್ತಿದ್ದಳು. ಮುದ್ದೆ ಹಾಕುತ್ತಿದ್ದಳು.

ಲಾಡ್ಜಿನಿಂದ ನನ್ನನ್ನು ವಾಪಸ್ಸು ಬಿಡುವಾಗ ಮ್ಯಾನೇಜರು ದಾರಿಯಲ್ಲಿ ದೋಣಿಗಲ್ ಹತ್ತಿರ ಲಾರಿಗಳ ಹಿಂದೆ ಸಿಕ್ಕಿಕೊಂಡು ಬೇಜಾರಾಗಿ ಮಾತು ತೆಗೆದ. ಲಾಡ್ಜಿನಲ್ಲಿ ಅನ್ನ ಸಾರು ಎಲ್ಲ ಇಟ್ಟಿದ್ದರು, ನಾನು ಮುಟ್ಟಿರಲಿಲ್ಲ.

"ಊಟಾನೂ ಮಾಡ್ಲಿಲ್ಲ ಅಜ್ಜಿ ನೀವು. ಉಳಿದಿದ್ದು ವೇಸ್ಟ್ ಆಗಲ್ಲ ಬಿಡಿ, ಸಂಜೆ ಹಿಂದೆ ಹಾಕ್ತೀವಿ, ಪ್ರಾಣಿಗಳು ಬರ್ತವೆ."

"ಕರೆಯಾಕೆ ಏನ್ ಬಡೀತೀರ?"

"ಗಂಟೆ ಐತೆ. ಬಾರಿಸಿದ್ರೆ ಸಾಕು, ಎಲ್ಲಿದ್ರೂ ಬರ್ತವೆ. ಅದಿರ್ಲಿ, ಐಟಂ ಹೇಳ್ಲೇ ಇಲ್ವಲ್ಲ. ನಿಮ್ಮಮ್ಮ ಏನ್ ಮಾಡ್ತಿದ್ರು?"

"ಅನ್ನ" ಅಂದೆ.

"ಬರೀ ಅನ್ನಾನಾ? ಅದರಲ್ಲೇನೈತೆ ಅಜ್ಜಿ, ಅದು ನಮ್ಮಲ್ಲೂ ಐತೆ."

ಇಲ್ಲ ಕಣಪ್ಪ, ನಿಮ್ಮಲ್ಲಿಲ್ಲ ಅಂದೆ. ಕಾರಿನ ಗಾಜು ಇಳಿಸಿ ಮುಖ ಆಚೆ ಹಾಕಿದೆ. ಲಾರಿ ಹೊಗೆ ಕುಡಿದುಕೊಂಡೇ ಊರು ಸೇರಿದೆ.